ಗಿರಣಿಗಾಗಿ ಹೂಡಿದ ಒಲೆ

ನಮ್ಮ ದೊಡ್ಡಪ್ಪನಿಗೆ ರೇಡಿಯೊ ಎಂದರೆ ಪಂಚಪ್ರಾಣ. ಸಂಜೆಯ ವಾರ್ತೆ ಶುರುವಾಯಿತೆಂದರೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ರಾಜ್ಯ ಈ ವರ್ಷ ಕೈಗಾರಿಕೆಯಲ್ಲಿ ಎಷ್ಟು ಮುಂದೆ ಹೋಯಿತು, ಯಾವ ಜಿಲ್ಲೆಗೆ ಯಾವ ಕಾರ್ಖಾನೆ ಮಂಜೂರಾಯಿತು, ಹೊರಗಿನ ಸಾಹುಕಾರರು ಎಷ್ಟು ಬಂಡವಾಳ ತಂದರು ಎಂದು ಆ ದನಿ ಹೇಳುತ್ತಿದ್ದರೆ, ಎಲ್ಲವನ್ನೂ ತಾನೇ ಮಂಜೂರು ಮಾಡಿದವನಂತೆ ದೊಡ್ಡಪ್ಪ ತಲೆಯಾಡಿಸುತ್ತಿದ್ದ. ಕೊನೆಗೆ ಮಾತ್ರ, “ನಮ್ಮ ಕಡಿ ಹೆಸರ ಯಾವಾಗ ಬರ್ತದೋ ಏನೋ,” ಎಂದು ರೇಡಿಯೊದ ಕಿವಿ ಹಿಂಡಿ ಬಂದ್ ಮಾಡುತ್ತಿದ್ದ. ಹೆಸರು ಬಂತು. ಬರಬಾರದಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮೂರು ಜೇವರ್ಗಿ ತಾಲ್ಲೂಕಿನಲ್ಲಿ, ಅಂದೋಲಾಕ್ಕೆ ಹೋಗುವ ದಾರಿಯ ಮಗ್ಗುಲಿಗೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ. ದೊಡ್ಡಪ್ಪ, ದೊಡ್ಡವ್ವ, ಅವರ ಮಗ. ನಮ್ಮಪ್ಪ, ಅವ್ವ, ನಾನು. ದೊಡ್ಡಪ್ಪನ ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಹದಿನಾಲ್ಕರ ಹುಡುಗಿಯಾಗಿ ಈ ಮನೆಗೆ ಸೊಸೆಯಾಗಿ ಬಂದ ಅವ್ವನಿಗೆ ತಲೆ ಬಾಚಿದವಳು, ಬೈದವಳು, ಬಾಣಂತನ ಮಾಡಿದವಳು ಎಲ್ಲ ದೊಡ್ಡವ್ವನೇ. ಓಣಿಯ ಹೆಂಗಸರು ಇವರಿಬ್ಬರನ್ನು ಒಡಹುಟ್ಟಿದವರೆಂದೇ ತಿಳಿದಿದ್ದರು.

ಒಂದು ಬೇಸಿಗೆಯಲ್ಲಿ ಎರಡು ಜೀಪು ನಮ್ಮ ಎರೆ ಹೊಲದ ಬದುವಿಗೆ ಬಂದು ನಿಂತವು. ಅಧಿಕಾರಿಗಳ ನಡುವೆ ಬಿಳಿ ಬೂಟಿನ ಒಬ್ಬ ಉದ್ಯಮಿ. ನೂಲಿನ ಗಿರಣಿ ಹಾಕುತ್ತಾನಂತೆ. ಇಲ್ಲಿ ಹತ್ತಿ ಬೆಳೆಯುತ್ತದೆ, ರಸ್ತೆ ಇದೆ, ಭೀಮೆ ದೂರವಿಲ್ಲ, ಜನ ಬಹಳ ಸಾಧು ಎಂದು ಅಧಿಕಾರಿಯೊಬ್ಬ ವಿವರಿಸುತ್ತಿದ್ದ, ಹೆಣ್ಣಿನ ಕಡೆಯವರು ವರನ ಮುಂದೆ ಮಗಳ ಗುಣ ಹೇಳುವ ಹಾಗೆ. ಉದ್ಯಮಿ ಒಂದು ಮಣ್ಣಿನ ಹೆಂಟೆ ಎತ್ತಿ ಮೂಸಿ ಬಿಸಾಡಿದ. ದೊಡ್ಡವ್ವ ಕಳಿಸಿದ ಚಹಾ ಕುಡಿದು ಹೋದರು.

ಮಳೆಗಾಲದ ಹೊತ್ತಿಗೆ ಡಂಗುರ ಬಂತು. ಗಿರಣಿಗೆ ಹೊಲ ಕೊಡುವ ಪ್ರತಿ ಮನೆಗೂ ಒಂದು ಕಾಯಂ ನೌಕರಿ. ಕೂಡಿಬಾಳುವ ಮನೆಗಳೇ ಹೆಚ್ಚಿದ್ದ ಊರಿನಲ್ಲಿ ಮನೆ ಎಂದರೆ ಯಾವುದು ಎಂಬ ಜಗಳ ಚಾವಡಿಯಲ್ಲಿ ಎದ್ದಿತು. ತಾಲ್ಲೂಕು ಕಚೇರಿಯಿಂದ ಬಂದಿದ್ದ ಕಾರಕೂನ, “ಮನಿ ಅಂದ್ರ ಒಲಿರಿ. ಎಷ್ಟ ಒಲಿ, ಅಷ್ಟ ನೌಕರಿ,” ಎಂದುಬಿಟ್ಟ. ನಮ್ಮ ಮನೆಯಲ್ಲಿ ಮೆಟ್ರಿಕ್ ಮುಗಿಸಿ ಕುಳಿತ ಹುಡುಗರು ಇಬ್ಬರು, ಒಲೆ ಒಂದು.

ದೊಡ್ಡಪ್ಪ ಸುಮ್ಮನಿದ್ದಿದ್ದರೆ ನೌಕರಿ ಅವನ ಮಗನಿಗೇ ಆಗುತ್ತಿತ್ತು, ಅಣ್ಣನೇ ದೊಡ್ಡವನು. ಆದರೆ ಅವನ ಮನಸ್ಸು ಅಂಥದ್ದಲ್ಲ. “ಒಬ್ಬಂವ ಗಿರಣಿಗಿ ಹೋಗೂದು, ಒಬ್ಬಂವ ದನದ ಹಿಂದ ಹೋಗೂದು ಬ್ಯಾಡ. ಎರಡು ಒಲಿ ಹೂಡೂಣು. ಹುಡುಗ್ರು ಕೆಲಸಕ್ಕ ಹತ್ತಿದ ಮ್ಯಾಲ ಒಡದ್ರಾತು,” ಎಂದ. ಇಡೀ ಅನಾಹುತ ಹುಟ್ಟಿದ್ದು ಇಂಥ ಒಳ್ಳೆಯತನದಿಂದ. ಕೆಟ್ಟತನದಿಂದ ಹುಟ್ಟಿದ್ದರೆ ಕಡೇಪಕ್ಷ ಯಾರನ್ನಾದರೂ ಬೈಯಬಹುದಿತ್ತು.

ಅವ್ವ ಒಪ್ಪಲಿಲ್ಲ. ನಮ್ಮ ಕಡೆ ಒಲೆ ಬೇರೆಯಾಯಿತು ಎಂದರೆ ಅಣ್ಣತಮ್ಮಂದಿರ ಋಣ ಹರಿಯಿತು ಎಂದೇ ಲೆಕ್ಕ. “ಅಕ್ಕಾ, ಒಲಿ ಬ್ಯಾರೆ ಮಾಡೂದು ಹುಡುಗಾಟ ಅಲ್ಲ. ನಂಗ ಅಂಜಿಕಿ ಬರಾಕತ್ತದ,” ಎಂದಳು. ದೊಡ್ಡವ್ವ ನಕ್ಕಳು. “ಏ ಹುಚ್ಚಿ, ಬಯಲಾಟದಾಗ ಸೀರಿ ಉಟ್ಟ ಗಂಡಸು ಖರೇನ ಹೆಂಗಸ ಆಗ್ತಾನೇನ ಬೇ?” ಎಂದು ತಾನೇ ಹಳ್ಳದಿಂದ ಮಣ್ಣು ತಂದು, ಹೊಟ್ಟು ಕಲಸಿ ತುಳಿದು, ನಡುಮನೆಯ ಆ ಕೊನೆಗೆ ಅವ್ವನಿಗಾಗಿ ಒಲೆ ಹಾಕಿಕೊಟ್ಟಳು.

ಮೊದಮೊದಲು ಅದು ಆಟವೇ ಆಗಿತ್ತು. ಹೊಸ ಒಲೆ ಹೊಸದಾಗಿ ಕಾಣಬಾರದೆಂದು ತೊಗರಿ ಕಟ್ಟಿಗೆ ಸುಟ್ಟು ಸುಟ್ಟು ಕರಿ ಹಿಡಿಸಿದರು. ಎರಡೂ ಕಡೆ ಅಡುಗೆಯಾಗುತ್ತಿತ್ತು, ಉಣ್ಣುವಾಗ ಎಲ್ಲರೂ ಒಂದೇ ಸಾಲು. ಅಷ್ಟರಲ್ಲಿ ಪಕ್ಕದ ಊರಿನಲ್ಲಿ ಕಾರಕೂನ ಊಟದ ಹೊತ್ತಿಗೇ ಬಂದು, ಎಲ್ಲರೂ ಕೂಡಿ ಕುಳಿತದ್ದು ನೋಡಿ ಎರಡು ಒಲೆಯನ್ನು ಒಂದೇ ಎಂದು ಬರೆದುಕೊಂಡು ಹೋದನೆಂಬ ಸುದ್ದಿ ಬಂತು. ಅವತ್ತಿನಿಂದ ಊಟ ಬೇರೆಯಾಯಿತು. ಒಂದೇ ಕೋಣೆಯಲ್ಲಿ ಎರಡು ಒಲೆ ಇದ್ದರೆ ನಡೆಯುವುದಿಲ್ಲ ಎಂದು ಇನ್ನಾರೋ ಹೇಳಿದರು. ದೊಡ್ಡಪ್ಪ ಶಹಾಬಾದಿನ ಫರ್ಸಿ ಕಲ್ಲು ತರಿಸಿ ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿ ಗೋಡೆ ಮಾಡಿದ. ನಡುವೆ ಒಂದು ಬಾಗಿಲು ಇರಲಿ ಎಂದು ಅಪ್ಪ ಅಂಗಲಾಚಿದ. “ಬಾಗ್ಲ ಇಟ್ರ ಒಂದೇ ಮನಿ ಅಂತಾರಪಾ,” ಎಂದು ದೊಡ್ಡಪ್ಪ ಒಪ್ಪಲಿಲ್ಲ. ಹಿಂದಿನ ಓಣಿಗೆ ನಮಗೊಂದು ಹೊಸ ಬಾಗಿಲು ಒಡೆದರು. ದೊಡ್ಡವ್ವನ ಹತ್ತಿರ ಹೋಗಬೇಕೆಂದರೆ ಅವ್ವ ಈಗ ಸೆರಗು ಹೊದ್ದು ಓಣಿ ಸುತ್ತಿ ಹೋಗಬೇಕಿತ್ತು.

ಕೊನೆಗೊಮ್ಮೆ ಕಾರಕೂನ ತಪಾಸಣೆಗೆ ಬಂದ. ಎರಡೂ ಒಲೆಯೊಳಗೆ ಬೆರಳಾಡಿಸಿ ಕರಿ ನೋಡಿದ. “ಖರೇನ ಬ್ಯಾರೆ ಆಗೀರೇನ್ರಿ?” ಎಂದು ಕೇಳಿದ. ದೊಡ್ಡಪ್ಪ ಓಣಿಗೆಲ್ಲ ಕೇಳುವಂತೆ, “ಖರೇನ ಬ್ಯಾರೆ ಆಗೇವ್ರಿ. ಅವರು ಉಂಡರೇನು, ಉಪಾಸ ಬಿದ್ದರೇನು, ನಮಗೂ ಅವರಿಗೂ ಸಂಬಂಧ ಇಲ್ರಿ,” ಎಂದ. ಗೋಡೆಯ ಈಚೆ ಅವ್ವ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಆಟ ಎಂದು ಅವಳಿಗೂ ಗೊತ್ತಿತ್ತು. ಆದರೂ ಈಳಿಗೆ ನಿಂತಿತು. ಕಾರಕೂನ ಎರಡು ಒಲೆ ಎಂದು ಬರೆದುಕೊಂಡು ಹೋದ. “ಅಷ್ಟ ದೊಡ್ಡ ಮಾತು ಬೇಕಿತ್ತೇನ್ರಿ?” ಎಂದು ಆಮೇಲೆ ಅಪ್ಪನನ್ನು ಕೇಳಿದಳು. ದೊಡ್ಡಪ್ಪನಿಗೆ ಮಾತ್ರ ತಾನು ಭಾರಿ ಚಂದ ಸುಳ್ಳು ಹೇಳಿದೆನೆಂಬ ಹಿಗ್ಗು.

ಆ ವರ್ಷ ರೇಡಿಯೊದಲ್ಲಿ ಬಂದ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ನಮ್ಮ ಗಿರಣಿ ಮಂಜೂರಾಗಿತ್ತು. ಮರುವರ್ಷ ಪ್ರಗತಿಯಲ್ಲಿತ್ತು. ಅದರ ಮರುವರ್ಷ ಭರದ ಪ್ರಗತಿಯಲ್ಲಿತ್ತು. ನಾವು ಬಿಟ್ಟುಕೊಟ್ಟ ಹೊಲದಲ್ಲಿ ಇದ್ದದ್ದು ಒಂದು ತಂತಿ ಬೇಲಿ, ಕಾವಲುಗಾರನಿಗೆಂದು ಕಟ್ಟಿದ ಮಾಡಿಲ್ಲದ ಕೋಣೆ, ಆಳೆತ್ತರದ ಜಾಲಿ. ಕಾವಲುಗಾರನನ್ನು ನಾವು ಯಾರೂ ನೋಡಲಿಲ್ಲ. ಬಿಳಿ ಬೂಟಿನವನು ಯಾವುದೋ ದೊಡ್ಡ ಪಟ್ಟಣದ ಹತ್ತಿರ, ಹೆಚ್ಚು ಸವಲತ್ತು ಸಿಕ್ಕ ಕಡೆ ಗಿರಣಿ ಹಾಕಿದನಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಗಿರಣಿ ಬರುವುದಿಲ್ಲ ಎಂದು ನಮಗೆ ಬಂದು ಹೇಳಿದವರಿಲ್ಲ. ಹೇಳಿದ್ದರೆ ಅವತ್ತೇ ಗೋಡೆ ಕೆಡವುತ್ತಿದ್ದೆವು. ಪ್ರಗತಿ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗೋಡೆ ಯಾವಾಗ ಕೆಡವುವುದೆಂದು ಅವ್ವ ಪ್ರತಿ ವರ್ಷ ಕೇಳುತ್ತಿದ್ದಳು. ಪ್ರತಿ ವರ್ಷ ದೊಡ್ಡಪ್ಪ, “ಇದೊಂದ ವರ್ಷ ತಡಿಯವ್ವ. ಮತ್ತ ತಪಾಸಣಿಗಿ ಬಂದ್ರ ಹ್ಯಾಂಗ?” ಎನ್ನುತ್ತಿದ್ದ. ಅಷ್ಟರಲ್ಲಿ ಜೋಳದ ಚೀಲ ಬೇರೆಯಾಗಿದ್ದವು, ಎಮ್ಮೆ ಬೇರೆಯಾಗಿತ್ತು. ಹಬ್ಬದ ದಿನ ಹೋಳಿಗೆಯ ತಾಟು ಓಣಿ ಸುತ್ತಿ ಬರುತ್ತಿತ್ತು. ಒಂದು ನಾಗರಪಂಚಮಿಗೆ ನಮ್ಮದೆಲ್ಲ ಊಟವಾದ ಮೇಲೆ ಬಂತು. ಅವ್ವ ಅರ್ಧ ತೆಗೆದುಕೊಂಡು ಅರ್ಧ ತಿರುಗಿ ಕಳಿಸಿದಳು. ಕೆಡಬಾರದೆಂದು ಕಳಿಸಿದ್ದು. ದೊಡ್ಡವ್ವನಿಗೆ ಅದು ಬೇರೆ ಥರ ತಟ್ಟಿತು. ಮುಂದಿನ ಹಬ್ಬಕ್ಕೆ ತಾಟು ಬರಲಿಲ್ಲ, ನಮ್ಮದೂ ಹೋಗಲಿಲ್ಲ. ಫರ್ಸಿಯ ಸಂದಿನಿಂದ ಆ ಕಡೆಯದೆಲ್ಲ ಈ ಕಡೆಗೆ ಕೇಳುತ್ತಿತ್ತಾದ್ದರಿಂದ, ಜೋರು ಬಾಯಿಯ ನಮ್ಮ ಮನೆಯಲ್ಲಿ ಎಲ್ಲರೂ ಪಿಸುಮಾತು ಕಲಿತರು.

ಗಿರಣಿಯ ದಾರಿ ಕಾದು ಕಾದು ನಾನೂ ಅಣ್ಣನೂ ಬೇರೆ ಯಾವ ಕೆಲಸಕ್ಕೂ ಸಲ್ಲದವರಾದೆವು. ಉಳಿದ ಹೊಲದಲ್ಲೇ ಆತ ಅತ್ತ, ನಾನು ಇತ್ತ ದುಡಿದೆವು. ಅಣ್ಣನಿಗೆ ಅಫಜಲಪುರದ ಕಡೆಯ ಹುಡುಗಿಯನ್ನು ತಂದರು. ಒಳ್ಳೆಯ ಹುಡುಗಿ, ಆಕೆಯ ಬಗ್ಗೆ ಒಂದು ಮಾತು ಆಡಿದರೂ ನನ್ನ ನಾಲಿಗೆ ಸೇದಿಹೋಗಲಿ. ಆದರೆ ಆಕೆ ಬಂದಾಗ ಗೋಡೆ ಆಗಲೇ ನಿಂತಿತ್ತು, ಸುಣ್ಣವನ್ನೂ ಕಂಡಿತ್ತು. ಅದು ಸುಳ್ಳು ಗೋಡೆ ಎಂದು ಆಕೆಗೆ ಯಾರೂ ಹೇಳಲಿಲ್ಲ. ಬರದ ಗಿರಣಿಗಾಗಿ ಸೋಗು ಹಾಕಿದೆವು ಎಂದು ಹೊಸ ಸೊಸೆಯ ಮುಂದೆ ಹೇಳಲು ದೊಡ್ಡಪ್ಪನಿಗೆ ನಾಚಿಕೆ.

ತೊಂಬತ್ತರ ದಶಕ ಹಿಡಿದು ಬಹಳ ದಿನವಾಗಿರಲಿಲ್ಲ. ನಾಲ್ಕು ದಿನದಿಂದ ಜ್ವರ ಹಿಡಿದು ಮಲಗಿದ್ದ ದೊಡ್ಡವ್ವ ಒಂದು ಬೆಳಗಿನ ಜಾವ ತೀರಿಕೊಂಡಳು. ಅವ್ವ ಬರಿಗಾಲಲ್ಲಿ ಓಣಿ ಸುತ್ತಿ ಓಡಿದಳು. ದೊಡ್ಡವ್ವನ ಕಾಲು ಹಿಡಿದುಕೊಂಡು ಕುಳಿತವಳು ಅಳಲೂ ಇಲ್ಲ, ಏಳಲೂ ಇಲ್ಲ.

ನಮ್ಮಲ್ಲಿ ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. ಮಣ್ಣು ಕೊಟ್ಟು ಬಂದವರಿಗೆ ಮಗ್ಗುಲ ಮನೆಯವರು ರೊಟ್ಟಿ ಮಾಡಿ ಉಣಿಸಬೇಕು. ಬಿಸಿಲೇರುವ ಹೊತ್ತಿಗೆ ಅಣ್ಣನ ಹೆಂಡತಿ ಅವ್ವನ ಪಕ್ಕಕ್ಕೆ ಬಂದು ಕುಳಿತು, ಬಹಳ ಮರ್ಯಾದೆಯಿಂದ ಕೇಳಿದಳು. “ಅತ್ತಿ, ನಮ್ಮನ್ಯಾಗ ಇವತ್ತ ಒಲಿ ಹಚ್ಚಂಗಿಲ್ಲಲ್ರಿ. ಬಂದ ಮಂದಿಗಿ ನಿಮ್ಮನ್ಯಾಗ ರೊಟ್ಟಿ ಬಡೀತೀರೇನ್ರಿ?”

ಅವ್ವ ತಲೆ ಎತ್ತಿದಳು. “ಯವ್ವಾ, ನಮ್ಮನ್ಯಾಗೂ ಇವತ್ತ ಒಲಿ ಹಚ್ಚಂಗಿಲ್ಲ.”

ಹುಡುಗಿಗೆ ತಿಳಿಯಲಿಲ್ಲ. ಓಣಿಯ ಮುದುಕಿಯೊಬ್ಬಳು, “ನಿಮ್ಮ ಒಲಿ ಬ್ಯಾರೆ ಅಲ್ಲೇನ ಬೇ?” ಎಂದಳು. ಅವ್ವ ದೊಡ್ಡಪ್ಪನ ಕಡೆ ನೋಡಿದಳು. ಅಲ್ಲ, ಈಕೆ ಈ ಮನೆಯವಳೇ ಎಂದು ಅವನೊಬ್ಬ ಹೇಳಿದ್ದರೆ ಸಾಕಿತ್ತು. ಈ ಸಲ ಎದುರಿಗೆ ಯಾವ ಕಾರಕೂನನೂ ಇರಲಿಲ್ಲ. ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಈಗ ಬ್ಯಾರೇನ ಅದ ಬಿಡವ್ವ. ಹೋಗು, ಮಂದಿ ಉಪಾಸ ಹೋಗಬಾರ್ದು,” ಎಂದ.

ಅವ್ವ ಎದ್ದಳು. ಓಣಿ ಸುತ್ತಿ ಬಂದು ಒಲೆ ಹಚ್ಚಿ ಹಿಟ್ಟು ನಾದಿಕೊಂಡಳು. ಆಚೆ ಭಜನೆ ಶುರುವಾಯಿತು. ದೊಡ್ಡವ್ವನನ್ನು ಮೀಯಿಸಿದರು, ಹೊಸ ಸೀರೆ ಉಡಿಸಿದರು, ಹೂ ಕಟ್ಟಿದರು. ಫರ್ಸಿಯ ಆ ಕಡೆ ನಡೆದದ್ದೆಲ್ಲ ನಮಗೆ ಕೇಳುತ್ತಿತ್ತು. ಅಪ್ಪ ಬಾಗಿಲಿಗೆ ಬಂದು, “ಏಳ, ಒಯ್ಯಾಕತ್ತಾರ. ಕಡೀಸಲ ಮಾರಿನರ ನೋಡು ಬಾ,” ಎಂದು ಕರೆದ. ನಾನು ಒಲೆಯ ಮುಂದೆ ಕುಳಿತು, ನಾ ನೋಡ್ಕೊತೇನಿ, ನೀ ಹೋಗು ಎಂದೆ.

ಅವ್ವ ಹಂಚಿನಿಂದ ಕಣ್ಣು ತೆಗೆಯಲಿಲ್ಲ. “ಮಂದಿ ಬರೂದ್ರಾಗ ಆಗಬೇಕು. ನಾ ಮಗ್ಗಲ ಮನಿಯಾಕಿ. ನನ್ನ ಕೆಲಸ ಇದ,” ಎಂದಳು. ತಾಳದ ಸದ್ದು ಓಣಿ ದಾಟಿ ಹೊಲದ ದಾರಿ ಹಿಡಿಯಿತು. ಅಷ್ಟು ವರ್ಷ ಅಕ್ಕ ಎಂದು ಕರೆದವಳ ಮಣ್ಣಿಗೆ ಅವ್ವ ಹೋಗಲಿಲ್ಲ.