ಇಲೋನಾ ಅಜ್ಜಿಯ ಹೀರೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹಂಗೇರಿಯನ್ ಭಾಷೆಯ ಒಂದಕ್ಷರ ಬಾರದ ನಾನು ಒಂದಿಡೀ ಚಳಿಗಾಲ ಹಂಗೇರಿಯನ್ ಹೀರೋಗೆ ಕಂಠದಾನ ಮಾಡಿದೆ. ಮ್ಯಾನೇಜರನಿಂದ ಹಿಡಿದು ನನ್ನದೇ ಮೂಗುರಾಗದವರೆಗೆ ಎಲ್ಲವನ್ನೂ ಅಣಕಿಸುವ ಬಾಯಿ ನನ್ನದು. ಆ ಬಾಯಿಗೆ ಕೆಲಸ ಕೊಟ್ಟವರು ಇಲೋನಾ ಅಜ್ಜಿ.

ಸ್ವೀಡನ್ನಿನ ಮಾಲ್ಮೋದಲ್ಲಿ ನಮ್ಮ ಕೆಳಗಿನ ಮನೆಯವರು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ, ಕೈಯಲ್ಲಿ ಛಡಿಯಂತೆ ಟೀವಿ ರಿಮೋಟು. ಶನಿವಾರ ಸಂಜೆ ಇಡೀ ಕಟ್ಟಡಕ್ಕೆ ಒಂದೇ ಇದ್ದ ಬಟ್ಟೆ ಒಗೆಯುವ ಕೋಣೆಯ ಪಕ್ಕದ ಹಾಲಿನಲ್ಲಿ ಅಕ್ಕಪಕ್ಕದವರಿಗೆಲ್ಲ ಕಾಫಿ, ದಾಲ್ಚಿನ್ನಿ ಬನ್ನು, ಜೊತೆಗೆ ಅದೊಂದೇ ಸಿನಿಮಾ: ಛತ್ರಿ ಅಂಗಡಿಯ ಹುಡುಗಿ, ಬಿಸಿಲಿನಲ್ಲೂ ದಿನಾ ಛತ್ರಿ ಕೊಳ್ಳಲು ಬರುವ ಹುಡುಗ. ಹಳೆಯ ಕಪ್ಪು-ಬಿಳುಪು ಪ್ರೇಮಹಾಸ್ಯ. ಅಡಿಬರಹ ಇಲ್ಲ. ಅಜ್ಜಿ ಸದ್ದು ಅಡಗಿಸಿ ನಮ್ಮ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಉಸುರುವುದು. ಹುಡುಗನ ಮಾತು ನಾನು, ಹುಡುಗಿಯ ಮಾತು ಜೆಸಿಂತಾ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಹೇಳುವುದು. ಜೆಸಿಂತಾ ಉಡುಪಿ ಕಡೆಯವಳು, ಪಿಎಚ್‌ಡಿ ಮುಗಿಸುತ್ತಿದ್ದಳು.

ನನಗೆ ಗುಮಾನಿ ಶುರುವಾದದ್ದು ಹುಡುಗಿ ಹೀಗೆ ಗದರಿದಾಗ: "ಡ್ರೈಯರಿನ ಜಾಲರಿ ಒರೆಸದವನನ್ನು ನಾನು ಮದುವೆಯಾಗಲಾರೆ!" ಜಾಲರಿ ಒರೆಸದೆ ಬಿಡುವವನು ನಾನೇ; ನೆರೆದವರೆಲ್ಲ ನನ್ನ ಕಡೆ ತಿರುಗಿದರು.

"ಅಜ್ಜೀ, ಆ ಕಾಲದಲ್ಲಿ ಡ್ರೈಯರ್ ಎಲ್ಲಿತ್ತು?"

"ಬುಡಾಪೆಸ್ಟು ಬಹಳ ಮುಂದುವರಿದಿತ್ತಪ್ಪ."

"ಹೋದ ವಾರ ಇದೇ ಜಾಗದಲ್ಲಿ ಬೇರೆ ಹೇಳಿದ್ರಿ."

"ಹೋದ ವಾರ ಅವಸರದಲ್ಲಿದ್ದೆ."

ಅಲ್ಲಿಂದ ನಾನು ಪತ್ತೇದಾರನಾದೆ. ಹೀರೋ ಒಮ್ಮೆ ಬಾಯಿ ತೆರೆದರೆ ಅಜ್ಜಿಯ ಅನುವಾದ ಬನ್ನು ಮುಗಿದರೂ ಮುಗಿಯದು. ಅವನು ಭಾಷಣವನ್ನೇ ಬಿಗಿದರೆ, "ಹೂಂ ಅಂದ, ಅಷ್ಟೇ."

ಅಷ್ಟರಲ್ಲಿ ಜೆಸಿಂತಾಗೆ ಸ್ಟಾಕ್‌ಹೋಮಿನಲ್ಲಿ ಕೆಲಸ ಸಿಕ್ಕಿತು. ಸೋಮವಾರ ಉತ್ತರ ಕೊಡಬೇಕಿತ್ತು. ಎಲ್ಲರ ಮಾತನ್ನೂ ಆಡುವ ನನಗೆ "ಹೋಗಬೇಡ" ಎಂಬ ನನ್ನ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಆ ಶನಿವಾರ ರೈಲು ನಿಲ್ದಾಣದ ದೃಶ್ಯದಲ್ಲಿ ಅಜ್ಜಿ ಉಸುರಿದರು: "ಹೇಳು, ನೀನು ಹೋದರೆ ನಾನು ಯಾರನ್ನು ನಗಿಸಲಿ?"

"ಅವನು ಬಾಯೇ ತೆರೆದಿಲ್ಲ ಅಜ್ಜೀ! ಬರೀ ಟೋಪಿ ತೆಗೆದ."

"ಹಂಗೇರಿಯಲ್ಲಿ ಟೋಪಿ ತೆಗೆದರೆ ಅದೇ ಅರ್ಥ. ಹೇಳು."

ಹೇಳಿದೆ. ನೆರೆದವರೆಲ್ಲ ಪಿಳಿಪಿಳಿ ಕಣ್ಣುಬಿಟ್ಟರು. ಮಾತು ಕನ್ನಡದಲ್ಲಿ ಬಂದಿತ್ತು. ಜೆಸಿಂತಾ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು.

ಮರುದಿನ ಅಜ್ಜಿ ಮಾಲ್ಮೋ ಬಿಟ್ಟು ಮಗಳ ಊರಿಗೆ ಹೊರಟರು, ಮತ್ತೆ ಬರಲಿಲ್ಲ. ನಾನೂ ಜೆಸಿಂತಾಳೂ ನಿಲ್ದಾಣಕ್ಕೆ ಬಿಡಲು ಹೋಗಿದ್ದೆವು. ರೈಲಿಗೆ ಪೆಟ್ಟಿಗೆ ಹತ್ತಿಸುತ್ತ ಕೇಳಿಯೇಬಿಟ್ಟೆ: "ನಿಜ ಹೇಳಿ ಅಜ್ಜೀ, ಆ ಮಾತು ಸಿನಿಮಾದಲ್ಲಿ ಇತ್ತಾ?"

"ನನಗೇನು ಗೊತ್ತು? ಅಮ್ಮನ ಕಂಕುಳಲ್ಲಿ ಸ್ವೀಡನ್ನಿಗೆ ಬಂದವಳು ನಾನು. ಹಂಗೇರಿಯನ್ ಎಲ್ಲಿ ಬರುತ್ತದೆ?" ಬಾಗಿಲು ಮುಚ್ಚಿತು. ಗಾಜಿನಾಚೆ ಎರಡೂ ಕನ್ನಡಕ ನಗುತ್ತಿದ್ದವು.

ಪತ್ತೇದಾರ ಗೆದ್ದಿದ್ದ. ಜೆಸಿಂತಾಳ ಕಡೆ ತಿರುಗಿ ಬೀಗಿದೆ. "ನೋಡಿದ್ಯಾ? ಎಲ್ಲಾ ಅಜ್ಜಿ ಕಟ್ಟಿದ್ದು! ನಿನ್ನೆ ನಾನು ಹೇಳಿದ್ದನ್ನೆಲ್ಲ ಸೀರಿಯಸ್ಸಾಗಿ ತಗೋಬೇಡ."

ಅವಳು ಕೈಗವಸು ಹಾಕಿಕೊಳ್ಳುತ್ತ ಅಂದಳು:

"ಅಜ್ಜಿ ಹೇಳಿಕೊಟ್ಟದ್ದು ಇಂಗ್ಲಿಷಿನಲ್ಲಿ ಮಾರಾಯ. ಕನ್ನಡದಲ್ಲಿ ಹೇಳು ಅಂತ ನಿಂಗೆ ಯಾರು ಹೇಳಿಕೊಟ್ಟದ್ದು?"