ಹುಳುಮನೆಗೆ ಬಂದ ಅಭಿವೃದ್ಧಿಯ ಮೇಷ್ಟ್ರು

ಎಂ.ಎ. ತರಗತಿಯಲ್ಲಿ ನಮಗೆ ಅಭಿವೃದ್ಧಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು ಬೋರ್ಡಿನ ಮೇಲೆ ಬರೆದಾಗಲೆಲ್ಲ ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು. "ಬೆಳವಣಿಗೆ ಬೇರೆ, ಅಭಿವೃದ್ಧಿ ಬೇರೆ. ಬರ್ಕೊಳ್ರಪ್ಪ" ಎಂಬುದು ಅವರ ನಿತ್ಯದ ಮಾತು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳಾದ ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದೆ.

ಕ್ಷೇತ್ರಾಧ್ಯಯನಕ್ಕೆಂದು ಅವರು ಇಡೀ ತರಗತಿಯನ್ನು ದಿಬ್ಬೂರಹಳ್ಳಿಯ ನಮ್ಮ ಮನೆಗೇ ಕರೆತಂದರು. ರೇಷ್ಮೆಹುಳುಗಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು. ಅಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಸಾರ್, ಬೂಟು ಆಚೆ ಬಿಟ್ಟು ಕೈಕಾಲು ತೊಳ್ಕೊಂಡು ಬನ್ನಿ. ಹುಳಕ್ಕೆ ರೋಗ ತಗಲ್ತೈತೆ."

"ಬಿಡಮ್ಮ, ಎರಡೇ ನಿಮಿಷ. ನಿನ್ನ ಮಗಳಿಗೆ ಮಾರ್ಕ್ಸ್ ಕೊಡೋನು ನಾನೇ ಅಲ್ವಾ?"

ಅಮ್ಮ ಪಕ್ಕಕ್ಕೆ ಸರಿದಳು. ಅವರು ಬೂಟಿನಲ್ಲೇ ಒಳಹೊಕ್ಕು, ಒಂದು ಹುಳುವನ್ನು ಎತ್ತಿ ಹಿಡಿದು ಪಾಠ ಮಾಡಿದರು.

ಅದೇ ವಾರ ಹುಳುಗಳೆಲ್ಲ ರೋಗ ತಗಲಿ ಸತ್ತವು. ತಟ್ಟೆತಟ್ಟೆಯಾಗಿ ಹೊತ್ತು ಗುಂಡಿಗೆ ಸುರಿದೆವು. ನಾನು ತರಗತಿಯಲ್ಲಿ ಎದ್ದು ನಿಂತು ಅದನ್ನು ಹೇಳಿದೆ. ಅವರು ಬೆರಳು ಒರೆಸಿಕೊಳ್ಳುತ್ತ ಉಳಿದವರತ್ತ ತಿರುಗಿದರು.

"ನೋಡಿದ್ರಾ? ಗ್ರಾಮೀಣ ಉತ್ಪಾದಕತೆ ಯಾಕೆ ಕಮ್ಮಿ ಅಂದ್ರೆ, ಇವರಿಗೆ ಶುಚಿತ್ವದ ಅರಿವಿಲ್ಲ. ಬರ್ಕೊಳ್ರಪ್ಪ."

ಎಲ್ಲರೂ ಬರೆದುಕೊಂಡರು. ನಾನು ಬರೆಯಲಿಲ್ಲ, ಗಂಟೆ ಹೊಡೆಯುವವರೆಗೂ ಕುಳಿತುಕೊಳ್ಳಲೂ ಇಲ್ಲ.