ಕೂಗದೆ ಹಿಡಿದ ಚೆಂಡು

ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಮಿಕ್ಸಿ, ಗ್ಯಾಸ್ ಒಲೆ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಿದೆ. ಮೊದಲು ಅಲ್ಲಿ ಅಸಾದುಲ್ಲಾ ಕೂರುತ್ತಿದ್ದರು. ಈಗ ಅವರ ಮಗಳು ಸಬೀಹಾ ಕೂರುತ್ತಾಳೆ. ಮೂವತ್ತಮೂರು ವರ್ಷದ ಹೆಂಗಸು, ಮಾತು ಕಡಿಮೆ. ಒಂದು ಕಾಲದಲ್ಲಿ ಅವಳಷ್ಟು ಚೆನ್ನಾಗಿ ಸಾಫ್ಟ್‌ಬಾಲ್ ಆಡುವ ಹುಡುಗಿ ಸುತ್ತಲಿನ ಮೂರು ತಾಲ್ಲೂಕುಗಳಲ್ಲಿ ಇರಲಿಲ್ಲ ಎಂಬುದು ಅಂಗಡಿಗೆ ಬರುವ ಹೆಚ್ಚಿನವರಿಗೆ ಗೊತ್ತಿಲ್ಲ.

ಅವಳು ಆಟಕ್ಕೆ ಸೇರಿದ್ದು ಎಂಟನೇ ಕ್ಲಾಸಿನಲ್ಲಿ. ಹೈಸ್ಕೂಲಿನ ಪಿ.ಟಿ. ಮೇಡಂ ಸುಲೋಚನಮ್ಮ ಎಲ್ಲಿಂದಲೋ ಎರಡು ಬ್ಯಾಟು, ಐದು ಗ್ಲೌಸು ತಂದು ತಂಡ ಕಟ್ಟಿದ್ದರು. ಬ್ಯಾಟ್ ಹಿಡಿಯಲು ಬಾರದವರನ್ನು ಮೈದಾನದ ಹಿಂದಿನ ಸಾಲಿನಲ್ಲಿ ನಿಲ್ಲಿಸುವುದು ರೂಢಿ. ಸಬೀಹಾಳನ್ನೂ ಹಾಗೆಯೇ ನಡುವೆ ನಿಲ್ಲಿಸಿದರು. ಒಂದು ತಿಂಗಳೊಳಗೆ ಮೇಡಂಗೆ ತಾವು ನಿಲ್ಲಿಸಿದ್ದು ಯಾರನ್ನು ಎಂದು ತಿಳಿಯಿತು. ಚೆಂಡು ಮೇಲೇರುವ ಮೊದಲೇ ಆ ಹುಡುಗಿ ಓಡಲು ಶುರು ಮಾಡುತ್ತಿದ್ದಳು.

"ನಿಂಗೆ ಹೇಗೆ ಗೊತ್ತಾಗುತ್ತೆ ಮಾರಾಯ್ತಿ?" ಎಂದು ಕೇಳಿದರು.

"ಸದ್ದು ಮೇಡಂ. ಬ್ಯಾಟಿಗೆ ಸರಿಯಾಗಿ ಸಿಕ್ಕಿದ್ರೆ ಸದ್ದು ಬೇರೆ. ಆಗ ಹಿಂದೆ ಓಡ್ಬೇಕು."

ಅವಳ ಎಡಕ್ಕೆ ನಿಲ್ಲುತ್ತಿದ್ದವಳು ಕಮ್ಮರಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಯನ. ಗದ್ದೆ ಕೆಲಸದ ಮನೆಯ ಹುಡುಗಿ. ಓಟದಲ್ಲಿ ಸಬೀಹಾಳಿಗಿಂತ ಒಂದು ಹೆಜ್ಜೆ ನಿಧಾನ, ಆದರೆ ಕೈಗೆ ಬಂದ ಚೆಂಡನ್ನು ಅವಳು ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಮೂರು ವರ್ಷ ಇಬ್ಬರೂ ಮಧ್ಯಾಹ್ನ ಒಂದೇ ಡಬ್ಬಿಯ ಮುಂದೆ ಕೂತು ಉಂಡರು. ಇಬ್ಬರ ನಡುವೆ ಬೀಳುವ ಚೆಂಡಿಗೆ ಮೇಡಂ ಒಂದು ನಿಯಮ ಹಾಕಿದ್ದರು. ಯಾರು ಹಿಡಿಯುತ್ತಾರೋ ಅವರು "ನಂದು" ಎಂದು ಕೂಗಬೇಕು. ಕೂಗು ಕೇಳಿದವರು ನಿಲ್ಲಬೇಕು.

ಹತ್ತನೇ ಕ್ಲಾಸಿನಲ್ಲಿ ತಂಡ ನರಸಿಂಹರಾಜಪುರಕ್ಕೆ ಹೋಯಿತು. ಗೆದ್ದವರು ಜಿಲ್ಲಾ ಮಟ್ಟಕ್ಕೆ. ರಾಜ್ಯದ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರೂ ಬಂದು ಕೂತಿದ್ದರು. ಆಟ ಕೊನೆಗೆ ಬಂದಾಗ ಕೊಪ್ಪದವರು ಒಂದು ರನ್ ಮುಂದಿದ್ದರು. ಎದುರಾಳಿಯ ಇಬ್ಬರು ಹುಡುಗಿಯರು ಓಡಲು ಕಾಯುತ್ತಿದ್ದರು. ಚೆಂಡು ನೆಲಕ್ಕೆ ಬಿದ್ದರೆ ಸೋಲು, ಹಿಡಿದರೆ ಗೆಲುವು.

ಏಟು ಬಿತ್ತು. ಚೆಂಡು ಎತ್ತರಕ್ಕೆ ಹೋಗಿ ಸಬೀಹಾ ಮತ್ತು ನಯನರ ನಡುವೆ, ನಯನಳ ಕಡೆಗೆ ಸ್ವಲ್ಪ ವಾಲಿ ಇಳಿಯತೊಡಗಿತು. ಗಾಳಿ ಜೋರಾಗಿತ್ತು, ಎಲ್ಲರೂ ಕಿರುಚುತ್ತಿದ್ದರು. ನಯನ "ನಂದು" ಎಂದು ಕೂಗಿದಳೋ ಇಲ್ಲವೋ, ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಸಬೀಹಾ ಮಾತ್ರ ಖಂಡಿತವಾಗಿ ಕೂಗಲಿಲ್ಲ. ಓಡಿದಳು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕಾಲಿಗೆ ಇಳಿಸಿ ಓಡಿ, ಕೊನೆಯಲ್ಲಿ ನೆಗೆದಳು. ಚೆಂಡು ಅವಳ ಗ್ಲೌಸಿಗೆ ಬಂತು. ಅದೇ ಕ್ಷಣ ಅವಳ ಭುಜ ನಯನಳ ಮುಖಕ್ಕೆ ಬಡಿಯಿತು.

ಇಬ್ಬರೂ ಉರುಳಿದರು. ಸಬೀಹಾ ಮೊದಲು ಎದ್ದಳು. ಎದ್ದವಳು ಚೆಂಡು ಬಿದ್ದಿಲ್ಲವೆಂದು ಅಂಪೈರಿಗೆ ತೋರಿಸಲು ಕೈ ಮೇಲೆತ್ತಿದಳು. ಆಮೇಲೆ ತಿರುಗಿ ನೋಡಿದಳು. ನಯನ ಮುಖ ಮುಚ್ಚಿಕೊಂಡು ಹುಲ್ಲಿನ ಮೇಲೆ ಬಿದ್ದಿದ್ದಳು. ಬೆರಳುಗಳ ಸಂದಿಯಲ್ಲಿ ರಕ್ತ ಬರುತ್ತಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಡಗಣ್ಣಿನ ಕೆಳಗಿನ ಮೂಳೆ ಮುರಿದಿದೆ ಎಂದರು. ಆಪರೇಷನ್ ಆಯಿತು. ಕಣ್ಣು ಉಳಿಯಿತು. ಆದರೆ ಮೇಲೆ ನೋಡಿದರೆ ನಯನಳಿಗೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತು. ಅದು ಸರಿಹೋಗಲೇ ಇಲ್ಲ.

ರಾಜ್ಯದ ಶಿಬಿರಕ್ಕೆ ಸಬೀಹಾಳ ಹೆಸರು ಬಂತು. ಹೋಗುವುದಕ್ಕೆ ಮುಂಚೆ ಅಪ್ಪನ ಜೊತೆ ಕಮ್ಮರಡಿಗೆ ಹೋದಳು. ನಯನಳ ತಾಯಿ ಕಮಲಕ್ಕ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ಮಲಗಿದಾಳೆ ಮಗಾ. ಇನ್ನೊಂದು ದಿನ ಬಾ" ಎಂದರು.

ಒಳಗಿನಿಂದ ಪಾತ್ರೆ ಇಡುವ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಸಾದುಲ್ಲಾ ಇಬ್ಬರ ಟಿಕೆಟ್ ತೆಗೆದರು. ಆಮೇಲೆ, "ಕಾಫಿ ಕೊಟ್ರು ಅಂತ ಮುಗೀತು ಅಂದ್ಕೊಬೇಡ. ಮತ್ತೆ ಹೋಗು" ಎಂದರು.

ಮೈಸೂರಿನ ಶಿಬಿರದಲ್ಲಿ ಅವಳಿಗೆ ಏನಾಯಿತೆಂದು ಅವಳಿಗೇ ಗೊತ್ತಾಗಲಿಲ್ಲ. ಸದ್ದು ಕೇಳುತ್ತಿತ್ತು, ಚೆಂಡು ಎಲ್ಲಿ ಬೀಳುತ್ತದೆ ಎಂಬುದೂ ತಿಳಿಯುತ್ತಿತ್ತು. ಓಡುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬರ ಹೆಜ್ಜೆ ಕೇಳಿದ ಕೂಡಲೇ ಕಾಲು ನಿಂತುಬಿಡುತ್ತಿತ್ತು. ಚೆಂಡು ಮುಂದೆಯೇ ಬೀಳುತ್ತಿತ್ತು.

"ಅದು ನಿನ್ನ ಬಾಲ್. ಯಾಕೆ ನಿಂತೆ?" ಎಂದು ಕೋಚ್ ಎರಡು ದಿನ ಕೇಳಿದರು. ಮೂರನೇ ದಿನ ಕೇಳಲಿಲ್ಲ. ಶಿಬಿರ ಮುಗಿದಾಗ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಆಮೇಲೆ ಆಟ ನಿಂತಿತು. ಕಮ್ಮರಡಿಗೆ ಇನ್ನೆರಡು ಸಲ ಹೋದಳು. ಎರಡು ಸಲವೂ ನಯನ ಹೊರಗೆ ಬರಲಿಲ್ಲ. ಮತ್ತೊಮ್ಮೆ ಹೋಗುವ ಧೈರ್ಯ ಸಬೀಹಾಳಿಗೆ ಬರಲಿಲ್ಲ. ಪಿಯುಸಿ ಮುಗಿಸಿದಳು, ಅಪ್ಪನಿಂದ ರಿಪೇರಿ ಕೆಲಸ ಕಲಿತಳು, ಹಣ್ಣಿನ ವ್ಯಾಪಾರದ ಮುಬಶಿರ್‌ನನ್ನು ಮದುವೆಯಾದಳು. ಅವತ್ತು ಚೆಂಡು ತೋರಿಸಲು ಮೊದಲು ಕೈ ಎತ್ತಿದ ವಿಷಯವನ್ನು ಗಂಡನಿಗೂ ಹೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಸುಲೋಚನಮ್ಮ ಒಂದು ದಿನ ಅಂಗಡಿಗೆ ಬಂದರು. ನಿವೃತ್ತಿ ಹತ್ತಿರವಾಗಿತ್ತು.

"ಹೊಸ ತಂಡ ಚೆನ್ನಾಗಿದೆ. ಹಿಂದೆ ನಿಲ್ಲೋರಿಗೆ ಹೇಳಿಕೊಡೋರಿಲ್ಲ. ಶನಿವಾರ ಬೆಳಿಗ್ಗೆ ಬಾರೇ."

"ನಯನಳನ್ನ ಕೇಳದೆ ಬರಲ್ಲ ಮೇಡಂ."

ನಯನ ಕಮ್ಮರಡಿಯಲ್ಲೇ ಇದ್ದಳು. ರಸ್ತೆ ಬದಿಯ ಒಂದು ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬಾಗಿಲಲ್ಲಿ ನಿಂತ ಸಬೀಹಾಳನ್ನು ನೋಡಿ ಮಷಿನ್ ನಿಲ್ಲಿಸಿದಳು. ಸ್ಟೂಲ್ ತೋರಿಸಿದಳು. ಸಬೀಹಾ ಕೂರಲಿಲ್ಲ.

"ಅವತ್ತಿನ ಬಾಲ್ ನಿಂದೇ ಆಗಿತ್ತು. ನಂಗೆ ಗೊತ್ತಿತ್ತು" ಎಂದಳು. "ನಾನು ಕೂಗಿದ್ರೆ ನೀನೂ ಕೂಗ್ತೀಯ, ಆಗ ನಾನು ಬಿಡಬೇಕಾಗುತ್ತೆ. ಅದಕ್ಕೇ ಕೂಗ್ಲಿಲ್ಲ. ಆರಿಸೋರು ನೋಡ್ತಾ ಇದ್ರಲ್ಲ."

ನಯನ ಹೊಲಿಯುತ್ತಿದ್ದ ರವಿಕೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಇಷ್ಟು ಹೇಳೋಕೆ ಹದಿಮೂರು ವರ್ಷ ಬೇಕಾಯ್ತಾ?"

ಸಬೀಹಾ ಸ್ಟೂಲಿನ ಮೇಲೆ ಕೂತಳು.

"ಡಿಕ್ಕಿ ಹೊಡೆದಿದ್ದಕ್ಕೆ ನಂಗೆ ಸಿಟ್ಟಿಲ್ಲ ಮಾರಾಯ್ತಿ. ಆಟದಲ್ಲಿ ಆಗುತ್ತೆ. ಬಿದ್ದಾಗ ಒಂದು ಕಣ್ಣು ಕಾಣ್ತಿತ್ತು ನಂಗೆ. ನೀನು ಮೊದಲು ಕೈ ಎತ್ತಿದ್ದು ಕಾಣ್ತು. ಅದನ್ನ ಮರೆಯೋಕೆ ಆಗ್ಲಿಲ್ಲ. ನಿನ್ನ ಮುಖ ನೋಡಿದ್ರೆ ಅದೇ ನೆನಪಾಗುತ್ತೆ ಅಂತ ಹೊರಗೆ ಬರ್ತಿರಲಿಲ್ಲ."

ಸಬೀಹಾ ಅತ್ತಳು. ನಯನ ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಳು ನಿಲ್ಲುವ ತನಕ ಕಾದು, ಕುಡಿಯಲು ನೀರು ಕೊಟ್ಟಳು.

"ಹೋಗಿ ಹೇಳಿಕೊಡು. ಆದ್ರೆ ನಮ್ಮಿಬ್ಬರ ಕತೆ ಮೊದಲು ಹೇಳಿ, ಆಮೇಲೆ ಆಟ ಹೇಳಿಕೊಡ್ಬೇಕು. ಎಂತದ್ದೂ ಮುಚ್ಚಿಡ್ಬೇಡ."

ಕ್ಷಮಿಸಿದ್ದೇನೆ ಎಂದು ನಯನ ಅನ್ನಲಿಲ್ಲ. ಕ್ಷಮಿಸು ಎಂದು ಕೇಳುವುದು ಸಬೀಹಾಳಿಗೂ ಸರಿ ಕಾಣಲಿಲ್ಲ.

ಆ ವರ್ಷದಿಂದ ಹೊಸ ಹುಡುಗಿಯರು ಬಂದಾಗ ಮೊದಲ ಶನಿವಾರ ಗ್ಲೌಸ್ ಮುಟ್ಟುವುದಿಲ್ಲ. ಸಬೀಹಾ ಅವರನ್ನು ಮೈದಾನದ ಅಂಚಿನಲ್ಲಿ ಕೂರಿಸಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾಳೆ. ಅವಳ ಅಭ್ಯಾಸದಲ್ಲಿ ಕೂಗದೆ ಹಿಡಿದ ಚೆಂಡಿಗೆ ಲೆಕ್ಕವಿಲ್ಲ, ಎಷ್ಟೇ ಚೆನ್ನಾಗಿ ಹಿಡಿದಿರಲಿ. ಸಿಗದ ಚೆಂಡಿಗೆ ಜೀವ ಬಿಟ್ಟು ನೆಗೆಯುವವರಿಗೂ ಬೈಗುಳ. "ಓಡೋದಷ್ಟೇ ಅಲ್ಲ, ಯಾವಾಗ ಬಿಡ್ಬೇಕು ಅನ್ನೋದೂ ಆಟವೇ" ಎನ್ನುತ್ತಾಳೆ.

ಹೋದ ವರ್ಷ ಒಂದು ಶನಿವಾರ ನಯನ ತಾನಾಗಿಯೇ ಬಂದಳು. ಕೊಪ್ಪಕ್ಕೆ ದಾರ ಕೊಳ್ಳಲು ಬಂದವಳು, ಚೀಲ ಹಿಡಿದೇ ಮೈದಾನಕ್ಕೆ ನಡೆದಿದ್ದಳು. ಮೇಲೆ ನೋಡದೆ ಹುಡುಗಿಯರ ಕಾಲುಗಳನ್ನೇ ನೋಡುತ್ತ ಕೂತಳು.

"ಎಡಗಡೆಯವಳು ಮೊದಲ ಹೆಜ್ಜೆ ಹಿಂದೆ ಇಡೋ ಬದಲು ಮುಂದೆ ಇಡ್ತಾಳೆ. ತಿದ್ದು ಅವಳನ್ನ" ಎಂದಳು.

ಸಬೀಹಾ ಆ ಹುಡುಗಿಯನ್ನು ಕರೆದು ನಯನಳ ಮುಂದೆ ನಿಲ್ಲಿಸಿದಳು. "ನೀನೇ ಹೇಳು" ಎಂದಳು. ನಯನ ಚೀಲ ಕೆಳಗಿಟ್ಟು ಎದ್ದಳು.

ಈಗ ತಿಂಗಳಿಗೊಮ್ಮೆಯೋ ಎರಡು ಸಲವೋ ಬರುತ್ತಾಳೆ. ಇಬ್ಬರ ನಡುವೆ ಹಳೆಯ ಸಲಿಗೆ ಇಲ್ಲ. ಆಟದ ಮಾತು ಮುಗಿದರೆ ಮಾತೇ ಮುಗಿಯುತ್ತದೆ. ಈ ಸಲ ತಂಡ ಶೃಂಗೇರಿಯವರನ್ನು ಸೋಲಿಸಿ ಜಿಲ್ಲಾ ಮಟ್ಟಕ್ಕೆ ಹೋಗಿ, ಅಲ್ಲಿ ಮೊದಲ ಪಂದ್ಯದಲ್ಲೇ ಸೋತಿತು. ಹುಡುಗಿಯರು ಬಸ್ಸಿನಲ್ಲಿ ಅಳುತ್ತ ಬಂದರು. ಸಬೀಹಾ ಒಬ್ಬೊಬ್ಬರನ್ನೇ ಅವರವರ ಸ್ಟಾಪಿನಲ್ಲಿ ಇಳಿಸಿ, ಮನೆಯವರ ಕೈಗೆ ಒಪ್ಪಿಸಿ, ಮರುದಿನ ಎಂದಿನಂತೆ ಅಂಗಡಿ ತೆರೆದಳು.